ಅವರ ಬೇಡ, ನನ್ನ ಬೇಡ

ಲಕ್ವ ಹೊಡೆದ ಮೇಲೆ ನಮ್ಮ ಯಜಮಾನರ ಬಾಯಲ್ಲಿ ಉಳಿದದ್ದು ಒಂದೇ ಮಾತು: ಬೇಡ. ನೀರು ಕೊಡಲಾ ಅಂದರೆ ಬೇಡ. ಲೋಟ ಕೈಗಿಟ್ಟರೆ ಗಟಗಟನೆ ಕುಡಿಯುತ್ತಾರೆ. ಫ್ಯಾನು ಹಾಕಲಾ ಅಂದರೂ ಬೇಡ, ಆರಿಸಲಾ ಅಂದರೂ ಬೇಡ. ಡಾಕ್ಟರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಮಿದುಳಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆಯಮ್ಮ. ಮನಸ್ಸಲ್ಲಿ ಎಲ್ಲಾ ಇರುತ್ತೆ, ಬಾಯಿಗೆ ಬರೋದು ಅದೊಂದೇ. ಪದ ಕೇಳಬೇಡಿ. ಮುಖ ನೋಡಿ, ಕೈ ನೋಡಿ."

ಅಷ್ಟೊಂದು ಪದಗಳಿದ್ದವಲ್ಲ, ಇದೇ ಯಾಕೆ ಉಳಿಯಬೇಕಿತ್ತು? "ಹೂಂ" ಉಳಿದಿದ್ದರೆ ನನ್ನ ಪಾಡು ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಬಂದ ಕ್ಷೌರಿಕ ಪಾಪ, ಮರ್ಯಾದೆಯಿಂದ "ಮೀಸೆ ಹಾಗೇ ಇರ್ಲಾ, ಯಜಮಾನ್ರೇ?" ಎಂದು ಕೇಳಿದ. ಇವರು ಬೇಡ ಅಂದರು. ನಾನು ಒಲೆ ಆರಿಸಿ ಬರುವಷ್ಟರಲ್ಲಿ, ಮದುವೆಗೆ ಮುಂಚಿನಿಂದ ಸಾಕಿದ ಮೀಸೆ ಟವೆಲ್ಲಿನ ಮೇಲೆ ಬಿದ್ದಿತ್ತು. ಇವರು ಕನ್ನಡಿ ನೋಡಿ ನಕ್ಕರು. ಅಳು ಬಂದದ್ದು ನನಗೆ.

ಕಸುಬಿನಲ್ಲಿ ಬಡಗಿಯಾದರೂ ನಮ್ಮ ಚರ್ಚಿನ ಸಭೆಯಲ್ಲಿ ಪ್ರಾರ್ಥನೆಗೆ ಇವರದೇ ಎತ್ತಿದ ಕೈ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಪರೀಕ್ಷೆ, ಎಲ್ಲವನ್ನೂ ದೇವರ ಕಿವಿಗೆ ಹಾಕದೆ ಆಮೆನ್ ಅನ್ನುವವರಲ್ಲ. "ಸಾಕು ಮಾಡ್ರೀ, ದೇವರಿಗೂ ಬೇರೆ ಕೆಲಸ ಇರುತ್ತೆ" ಎಂದು ನಾನೇ ಮೊಣಕೈಯಿಂದ ತಿವಿಯುತ್ತಿದ್ದೆ. ಅಂಥವರ ನಾಲಿಗೆಯನ್ನೇ ಆ ದೇವರು ಕಿತ್ತುಕೊಂಡನಲ್ಲ ಎಂದು ಈಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೂ ಸಂಜೆ ಹೊಲಿಗೆ ಮೆಷಿನ್ನು ಮುಚ್ಚಿಟ್ಟು ಮಂಚದ ಪಕ್ಕ ಕೂರುತ್ತಿದ್ದೆ.

"ಪ್ರಾರ್ಥನೆ ಮಾಡೋಣವೇನ್ರೀ?"

"ಬೇಡ."

ಮುಖ ನೋಡಿದರೆ ಗೋಡೆ ಕಡೆ ತಿರುಗಿರುತ್ತಿತ್ತು. ಕೈ ನೋಡಿದರೆ ಹೊದಿಕೆಯೊಳಗೆ ಸೇರಿರುತ್ತಿತ್ತು. ನೀರಿನ ಬೇಡ ಸುಳ್ಳು, ಫ್ಯಾನಿನ ಬೇಡ ಸುಳ್ಳು, ಇದೊಂದು ಮಾತ್ರ ನಿಜವಿದ್ದರೆ ಎಂದು ನನಗೆ ಹೆದರಿಕೆ ಹತ್ತಿತು. ಇಷ್ಟು ವರ್ಷ ನಾನು ನಿಂತದ್ದು ಅವರ ನಂಬಿಕೆ ಹಿಡಿದುಕೊಂಡು. ಅದೇ ಹೋದರೆ ನನ್ನದೇನು ಉಳಿಯುತ್ತದೆ? ಸ್ವಲ್ಪ ದಿನ ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟೆ.

ಅವರು ಕೋಲೂರಿ ನಡೆಯುವಂತಾದಾಗ ನಾದಿನಿ ಹಟ ಹಿಡಿದಳು. "ಅಣ್ಣನ್ನ ಚರ್ಚಿಗೆ ಕರ್ಕೊಂಡು ಹೋಗಿ ಅತ್ತಿಗೆ. ಹೊರಗಡೆ ಗಾಳಿನಾದ್ರೂ ಬೀಳ್ಲಿ." ಹೋದೆವು. ಅವತ್ತು ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಭಾನುವಾರ. ನಾನು ತೆಗೆದುಕೊಳ್ಳುವುದಿಲ್ಲ ಎಂದು ಬಾಗಿಲಲ್ಲೇ ನಿಶ್ಚಯಿಸಿಕೊಂಡೆ. ಹೊಟ್ಟೆ ತುಂಬ ಸಿಟ್ಟಿಟ್ಟುಕೊಂಡು ದೇವರ ರೊಟ್ಟಿಗೆ ಕೈಚಾಚಲು ನನಗೆ ಮುಖವಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ.

ಹೊಸದಾಗಿ ಬಂದಿದ್ದ ಪಾದ್ರಿಗಳಿಗೆ ನಮ್ಮ ಮನೆಯ ಕಥೆ ಗೊತ್ತಿಲ್ಲ. ಮುಂದೆ ಬರಲಾಗದವರಿಗೆ ಅವರೇ ಬೆಂಚಿನ ಹತ್ತಿರ ತಂದುಕೊಡುತ್ತಿದ್ದರು. ಇವರ ಮುಂದೆ ಬಗ್ಗಿ ರೊಟ್ಟಿಯ ತುಣುಕು ಹಿಡಿದರು.

"ಬೇಡ."

ಅಷ್ಟು ಸ್ಪಷ್ಟವಾಗಿ ಮನೆಯಲ್ಲೂ ಅಂದಿರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ಪಾದ್ರಿಗಳು ಒತ್ತಾಯ ಮಾಡುವವರಲ್ಲ, ತಲೆಬಾಗಿಸಿ ಮುಂದಕ್ಕೆ ಹೋದರು. ಮುಗಿಯಿತು, ಇವರು ಎಲ್ಲರೆದುರು ದೇವರನ್ನೇ ಕೈಬಿಟ್ಟರು ಅಂದುಕೊಂಡೆ. ಆಮೇಲೆ ಕೈ ನೋಡಿದೆ. ಆಡುವ ಒಂದು ಕೈ ಪಾದ್ರಿಗಳು ಹೋದ ದಿಕ್ಕಿಗೆ ಚಾಚಿಕೊಂಡೇ ಇತ್ತು.

ಸಭೆಯಲ್ಲಿ ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ. ಎದ್ದು ನಿಂತೆ.

"ಪಾದ್ರಿಗಳೇ, ವಾಪಸ್ ಬನ್ನಿ. ಅವರಿಗೆ ಕೊಡಿ."

"ಬೇಡ ಅಂದ್ರಲ್ಲಮ್ಮ?"

"ಅದು ಬೇಡ ಅನ್ನೋದಲ್ಲ. ಬೇಡಿಕೊಳ್ಳೋದು."

ಅಂದ ಮೇಲೆ ನನಗೇ ಹೊಳೆಯಿತು. ಗೋಡೆ ಕಡೆ ತಿರುಗಿ ಅಷ್ಟೂ ಸಂಜೆ ಅವರು ಮಾಡಿದ್ದೂ ಅದೇ ಇರಬೇಕು. ಕೇಳುವುದನ್ನು ಬಿಟ್ಟವಳು ನಾನು, ಅವರಲ್ಲ.

ಪಾದ್ರಿಗಳು ಮುಖ ಕೆಂಪಗೆ ಮಾಡಿಕೊಂಡು ಬಂದು ಅವರ ಅಂಗೈಯಲ್ಲಿ ರೊಟ್ಟಿಯಿಟ್ಟರು. ನನ್ನ ಕಡೆಗೂ ತಟ್ಟೆ ಚಾಚಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಪಾದ್ರಿಗಳು ಮುಂದಿನ ಬೆಂಚಿಗೆ ಹೋದರು.

ಇವರು ಬಾಯಿಗೆ ಹಾಕಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಒತ್ತಿ, ಒಂದೇ ಕೈಯಲ್ಲಿ ಅದನ್ನು ಎರಡು ಮಾಡಿ, ಒಂದು ಚೂರನ್ನು ನನ್ನ ತುಟಿಯ ಹತ್ತಿರ ತಂದರು.

"ಬೇಡ" ಅಂದೆ ನಾನು. ನನ್ನದು ನಿಜವಾದ ಬೇಡವೇ ಆಗಿತ್ತು.

ಅವರು ನನ್ನ ಮುಖ ನೋಡಿದರು. ಕೈ ನೋಡಿದರು. ನಂಬಲಿಲ್ಲ. ಚೂರು ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯದೆ ಹಾಗೇ ಕೂತರು, ನಾನು ಬಾಯಿ ತೆರೆಯುವವರೆಗೂ.