ಆಮೆಗೆ ಗೂಳಿಯ ಹೊಡೆತ ತಾಗುತ್ತದೆಯೇ?

ಸೋಮವಾರ ಮಧ್ಯಾಹ್ನ ನಮ್ಮ ಶೆಡ್ಡಿನಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣುವುದಿಲ್ಲ. ಆ ವಾರ ನಾಲ್ಕನೇ ಪ್ರೆಸ್ಸಿನ ಮುಂದೆ ಯಾರು ಕೂರಬೇಕು ಎಂಬುದು ಊಟದ ಹೊತ್ತಿನಲ್ಲೇ ತೀರ್ಮಾನವಾಗಬೇಕು.

ಬೀರುವಿನ ಕೀಲು ಒತ್ತುವ ಸಣ್ಣ ಕಾರ್ಖಾನೆ ನಮ್ಮದು, ಪೀಣ್ಯದಲ್ಲಿ. ಇರುವುದು ತಗಡು ಒತ್ತುವ ನಾಲ್ಕು ಪ್ರೆಸ್ಸು. ಪ್ರತಿಯೊಂದರ ಮುಂದೆಯೂ ಕಬ್ಬಿಣದ ಜಾಲರಿಯ ಬಾಗಿಲು. ಬಾಗಿಲು ತೆರೆದಿದ್ದರೆ ಹಸಿರು ಗುಂಡಿಯನ್ನು ಎಷ್ಟು ಒತ್ತಿದರೂ ಯಂತ್ರ ಕೆಳಗಿಳಿಯಬಾರದು. ತಗಡು ಇಡುವವನ ಕೈ ಉಳಿಯಲೆಂದೇ ಬಾಗಿಲಿಗೆ ಒಂದು ಸ್ವಿಚ್ಚು ಕೂರಿಸಿರುತ್ತಾರೆ. ನಾಲ್ಕನೆಯದರಲ್ಲಿ, ಬಾಗಿಲು ತೆರೆದಿದ್ದರೂ ಯಂತ್ರ ಇಳಿಯುವಂತೆ ಆ ಸ್ವಿಚ್ಚನ್ನು ತಂತಿಯಿಂದ ಬಿಗಿದುಬಿಟ್ಟಿದ್ದರು. ಬಾಗಿಲು ಮುಚ್ಚಿ ತೆರೆಯುವ ಹೊತ್ತು ಉಳಿಯುತ್ತದಂತೆ. ಬಿಗಿಸಿದವನು ಸೂಪರ್‌ವೈಸರ್ ಪರಮಾನಂದ. ಅಲ್ಲೇ ನಮ್ಮ ಜೊತೆಗಿದ್ದ ಅಮರೇಶನ ಎರಡು ಬೆರಳು ಹೋದವು. ಅಮರೇಶ ಊರಿಗೆ ಹೋದ. ತಂತಿ ಇಲ್ಲೇ ಉಳಿಯಿತು.

ಆಮೇಲೆ ಅದರ ಮುಂದೆ ಕೂರಲು ಯಾರೂ ಒಪ್ಪಲಿಲ್ಲ. ಪರಮಾನಂದ, "ನೀವ್ನೀವೇ ಮಾತಾಡ್ಕೊಂಡು ವಾರಕ್ಕೊಬ್ರು ಬನ್ನಿ. ಇಲ್ಲಾಂದ್ರೆ ಎಲ್ರೂ ಗೇಟಾಚೆ" ಅಂದ. ಮಾತಾಡಿದರು, ಹೊಡೆದಾಡಿದರು, ಕೊನೆಗೆ ಚಿಪ್ಸ್ ಪೊಟ್ಟಣದಲ್ಲಿ ಬರುವ ಕಾರ್ಡುಗಳಿಗೆ ಬಂದು ನಿಂತರು. ಒಂದೊಂದು ಕಾರ್ಡಿನ ಮೇಲೆ ಒಂದು ಪ್ರಾಣಿ, ಅದರ ಬಲದ ಅಂಕಿ, ಕೆಳಗೆ ಅದರ ವಿಶೇಷ ಶಕ್ತಿ. ಅವರವರ ಕಾರ್ಡು ಅವರವರೇ ಕೂಡಿಸಿ ತರಬೇಕು. ಸೋತು ಕೊನೆಗುಳಿದವನು ನಾಲ್ಕನೆಯದಕ್ಕೆ. ಮೀಸೆ ಬಂದ ಗಂಡಸರು ರಾಜಗೋಪಾಲನಗರದ ಅಂಗಡಿಗಳಲ್ಲಿ ಪೊಟ್ಟಣ ಹಿಸುಕಿ ಹಿಸುಕಿ ಆರಿಸುವುದನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು. ಪ್ರೆಸ್ಸಿನಲ್ಲಿ ಕೂರುವ ನರೇಶನ ಮನೆಯಲ್ಲಿ ಮಗಳಿಗೆ ಚಿಪ್ಸು, ಅಪ್ಪನಿಗೆ ಕಾರ್ಡು.

ನಾನು ಪ್ರೆಸ್ಸುಗಳಿಗೆ ಅಚ್ಚು ಕೂರಿಸುವವನು. ಆಟದಲ್ಲಿ ನಾನಿಲ್ಲ. ಹಾಗಾಗಿ ಜಗಳವಾದರೆ ತೀರ್ಪು ಹೇಳುವ ಕರ್ಮ ನನ್ನದು.

ಆ ಸೋಮವಾರ ನರೇಶ ಮತ್ತು ಯಾದಗಿರಿ ಕಡೆಯ ಬಸಲಿಂಗ, ಇಬ್ಬರೇ ಉಳಿದಿದ್ದರು. ಕೈಯಲ್ಲಿ ಒಂದೊಂದೇ ಕಾರ್ಡು. ಬಸಲಿಂಗ ಆಮೆಯನ್ನು ಇಟ್ಟ. ನರೇಶ ಗೂಳಿಯನ್ನು ತಂದು ಅದರ ಮೇಲೆ ಬಡಿದ.

"ಮುಗೀತು ಮಗಾ. ಬ್ಯಾಗ್ ತಗೊಂಡು ನಾಕನೇದಕ್ಕೆ ನಡಿ."

"ಎದ್ಕ ನಡೀಲಿ? ಕಣ್ಣ ಬಿಟ್ಟು ಓದಲೇ. ಈ ಕಾರ್ಡಿಗೆ ಯಾವ ಹೊಡೆತವೂ ತಾಗುವುದಿಲ್ಲ ಅಂತ ಬರದಾರ."

"ನಂದೂ ಓದು ಗುರು. ಈ ಕಾರ್ಡು ಯಾವ ಕಾರ್ಡನ್ನಾದರೂ ಹೊಡೆಯಬಹುದು ಅಂತಿದೆ. ಯಾವ ಕಾರ್ಡನ್ನಾದರೂ ಅಂದ್ರೆ ನಿನ್ ಆಮೇನೂ ಸೇರ್ತು."

"ನಿನ್ನ ಗೂಳಿ ತಲಿ ಒಡಕೊಂಡು ಸಾಯ್ಲಿ. ನನ್ನ ಆಮಿಗೇನಾಗ್ತದ?"

"ನಮ್ ಹುಡುಗಿ ಐದು ಪ್ಯಾಕೆಟ್ ತಿಂದ್ಮೇಲೆ ಸಿಕ್ಕಿದ್ ಕಾರ್ಡ್ ಕಣೋ ಇದು. ಆಮೆ ಎಲ್ಲಾ ಪ್ಯಾಕೆಟ್‌ನಲ್ಲೂ ಬರುತ್ತೆ!"

ಹೊಡೆತ ತಾಗದಿದ್ದರೆ ಹೊಡೆದವನೇ ಸೋತ ಎಂಬುದು ಅವರೇ ಮಾಡಿಕೊಂಡ ನಿಯಮ. ಬಸಲಿಂಗ ನರೇಶನ ಕಾಲರು ಹಿಡಿದ. ನಾನು ಊಟದ ಡಬ್ಬಿಯನ್ನು ನೆಲಕ್ಕೆ ಕುಕ್ಕಿದೆ.

"ಬಿಡ್ಲಾ ಅವನ್ನ! ನಿಮ್ ಮನೆ ಕಾಯ್ವಾಗ, ಇಷ್ಟೂ ಗೊತ್ತಾಗಕ್ಕಿಲ್ವಾ? ಒಂದು ಆಗುತ್ತೆ ಅಂತದೆ, ಇನ್ನೊಂದು ಆಗಲ್ಲ ಅಂತದೆ. ಎರಡೂ ಎದುರು ಬದುರಾದ್ರೆ ಆಗಲ್ಲ ಅನ್ನೋದೇ ಗೆಲ್ಲೋದು. ಗೂಳಿ ಗುಮ್ಮಕ್ಕೆ ಓಗ್ಬೋದು, ತಾಗಕ್ಕಿಲ್ಲ. ನರೇಸ, ನೀನು ಸೋತೆ."

"ಎಲ್ಲಿ ಬರ್ದಿದೆ ಹಂಗಂತ?" ನರೇಶ ಗೂಳಿಯ ಕಾರ್ಡನ್ನು ನನ್ನ ಮುಂದೆ ಹಿಡಿದ.

"ಬರೀಬೇಕಾ? ದಿನಾ ಪ್ರೆಸ್ ಮುಂದೆ ಕೂತಿರ್ತೀಯಲ್ಲ. ಬಾಗ್ಲು ತೆಗೆದೈತೆ, ನೀನು ಅಸಿರು ಗುಂಡಿ ಒತ್ತಿದೆ ಅನ್ಕೋ. ಗುಂಡಿ ಇಳಿ ಅಂತದೆ, ಬಾಗ್ಲು ಇಳೀಬ್ಯಾಡ ಅಂತದೆ. ಇಳಿಯುತ್ತಾ?"

"ಮೊದಲ್ನೇದು ಇಳಿಯಲ್ಲ. ಎರಡನೇದು, ಮೂರನೇದು ಇಳಿಯಲ್ಲ." ಅವನು ತಲೆ ಎತ್ತಿ ನನ್ನನ್ನೇ ನೋಡಿದ. "ನಾಕನೇದು ಇಳಿಯುತ್ತಲ್ಲ ದಾಸಪ್ಪಣ್ಣ. ಅಲ್ಲಿ ಗೂಳೀನೇ ಗೆಲ್ಲೋದು. ನೀವು ನನ್ನ ಕಳಿಸ್ತಿರೋದು ಅಲ್ಲಿಗೇ."

ಬಸಲಿಂಗ ಕಾಲರು ಬಿಟ್ಟ. ನನಗೆ ತಲೆಯೊಳಗೆ ಬೆಂಕಿ ಬಿದ್ದಂತಾಯಿತು. ಚಿಪ್ಸಿನ ಕಾರ್ಡಿನಲ್ಲಿ ಆಮೆಯ ಜೀವ ಉಳಿಯಬೇಕೆಂದು ನ್ಯಾಯ ಹೇಳುತ್ತಾ ಕುಳಿತಿದ್ದೆ. ಆ ನ್ಯಾಯ ಹಿಡಿದುಕೊಂಡು ಒಬ್ಬ ಮನುಷ್ಯ ಕೈ ಕಳೆದುಕೊಳ್ಳಲು ಹೊರಟಿದ್ದ.

ಕಟಿಂಗ್ ಪ್ಲೇಯರ್ ತೆಗೆದುಕೊಂಡೆ. ಮೇನ್ ಆಫ್ ಮಾಡಿ, ನಾಲ್ಕನೆಯದರ ಸ್ವಿಚ್ಚಿನ ತಂತಿಯನ್ನು ಕತ್ತರಿಸಿ ಎಳೆದು ಹಾಕಿದೆ. ಸದ್ದು ಕೇಳಿ ಪರಮಾನಂದ ಬಾಯಿ ಒರೆಸಿಕೊಳ್ಳುತ್ತಾ ಓಡಿ ಬಂದ.

"ಯಾರನ್ನ ಕೇಳಿ ಕಿತ್ತೆ ಅದನ್ನ?"

"ನೀವು ಯಾರ್ನ ಕೇಳಿ ಕಟ್ಟಿದ್ರಿ?"

"ಸಂಜೆ ಲೋಡ್ ಹೋಗ್ಬೇಕು ಕಣಯ್ಯ. ತಲೆ ಕೆಟ್ಟಿದೆಯಾ? ಕಟ್ಟು!"

ಕಾರ್ಡುಗಳನ್ನು ಬಾಚಿ ಅವನ ಮುಂದೆ ಹಿಡಿದೆ. "ಕೂತ್ಕಳಿ ಸಾರ್. ನೀವೂ ಒಂದಾಟ ಆಡಿ. ಸೋತೋರು ತಂತಿ ಕಟ್ಕಂಡು ಈ ವಾರ ಇಲ್ಲಿ ಕೂರೋದು."

"ಆಮಿ ಬೇಕಾದ್ರ ನಂದ ತಗೋರಿ ಸಾಹೇಬ್ರ" ಅಂದ ಬಸಲಿಂಗ. "ಛಲೋ ಕಾರ್ಡ್ ಅದ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಪರಮಾನಂದ ಕಾರ್ಡುಗಳನ್ನು ನೋಡಿದ, ನಾಲ್ಕನೆಯದನ್ನು ನೋಡಿದ, ತಂತಿಯನ್ನು ನೋಡಿದ. ಬಗ್ಗಿ ತಂತಿ ಎತ್ತಿಕೊಂಡ. ಕಟ್ಟುತ್ತಾನೆಂದುಕೊಂಡು ನಾನು ಸ್ವಿಚ್ಚಿಗೆ ಅಡ್ಡ ನಿಂತೆ. ಬಸಲಿಂಗ ಬಂದು ಪಕ್ಕದಲ್ಲಿ ನಿಂತ. ಆಮೇಲೆ ಉಳಿದವರೂ ಬಂದರು.

"ನಾಳೆ ಓನರ್ ಬರ್ತಾರೆ. ಈ ಪೌರುಷ ಅವ್ರ ಮುಂದೆ ತೋರಿಸು" ಎಂದು ತಂತಿಯನ್ನು ಜೇಬಿಗೆ ಹಾಕಿಕೊಂಡು ಹೋದ.

ಮೇನ್ ಆನ್ ಮಾಡಿದೆ. ನರೇಶ ಯಾರ ಮುಖವನ್ನೂ ನೋಡದೆ ನಾಲ್ಕನೆಯದರ ಮುಂದೆ ಹೋದ. ಸೋತಿದ್ದೇನೆ, ಕೂರುತ್ತೇನೆ ಅಂದ. ಜಾಲರಿಯ ಬಾಗಿಲನ್ನು ಪೂರ್ತಿ ತೆರೆದು, ಕೈ ಹೊರಗಿಟ್ಟುಕೊಂಡು ಹಸಿರು ಗುಂಡಿ ಒತ್ತಿದ. ಯಂತ್ರ ಇಳಿಯಲಿಲ್ಲ. ಗುದ್ದಿದ. ಇಳಿಯಲಿಲ್ಲ.

"ಏ ಬಸ್ಲಿಂಗ" ಎಂದು ಕೂಗಿದ. "ನಿನ್ ದರಿದ್ರ ಆಮೆ ಗೆದ್ದಿದೆ ನೋಡೋ."

ಬಾಗಿಲು ಹಾಕಿ ಕೆಲಸ ಶುರು ಮಾಡಿದ. ನಾಳೆ ಪರಮಾನಂದನ ಜೇಬಿನಲ್ಲಿ ತಂತಿ ಇರುತ್ತದೆ. ಇರಲಿ. ನನ್ನ ಜೇಬಿನಲ್ಲಿ ಪ್ಲೇಯರ್ ಇರುತ್ತದೆ.