ಬಂಡೆಗೂ ಹಳ್ಳಕ್ಕೂ ನಡುವೆ

ಹಾದಿಯ ಎಡಕ್ಕೆ ಆನೆ ಕುಂತಂಥ ಬಂಡೆ. ಹಾದಿಯ ಬಲಕ್ಕೆ ಹಳ್ಳ. ಬಂಡೆಗೂ ಹಳ್ಳಕ್ಕೂ ನಡುವೆ ಒಂದು ಕೂಸು ಮಲಗಿತ್ತಂತೆ.

ಹರಿಯಬ್ಬೆಯ ಕುರಿಗಾಹಿ ಮನೆಯಲ್ಲಿ ಬೆಳೆದ ಉಷಾರಾಣಿಗೆ ಅಜ್ಜಿ ಬರಗೇರಮ್ಮ ಹೇಳುತ್ತಿದ್ದ ಕತೆ ಅದು. ಆ ಕೂಸು ಅಜ್ಜಿಯ ಚೊಚ್ಚಲು, ಕುರಿ ಹೊಡೆದುಕೊಂಡು ಹೊರಟಾಗ ಜ್ವರ ಬಂದು ತೀರಿಕೊಂಡದ್ದು ಎಂದು ತಿಳಿದದ್ದು ದೊಡ್ಡವಳಾದ ಮೇಲೆ. ಈಗ ಅಜ್ಜಿ ಹಾಸಿಗೆ ಹಿಡಿದಿದ್ದಳು. ಒಂದೇ ಆಸೆ: "ನನ್ನ ಅದರ ಮಗ್ಗುಲಿಗೇ ಮಣ್ಣು ಮಾಡ್ರಿ." ಬಂಡೆ ಇನ್ನೂ ಇತ್ತು. ಹಳ್ಳ ಮಾತ್ರ ಎಂದೋ ಮುಚ್ಚಿ ಹೊಲವಾಗಿತ್ತು. ಜಾಗ ಹುಡುಕಿಕೊಡುತ್ತೇನೆಂದು ಉಷಾ ಮಾತು ಕೊಟ್ಟಿದ್ದಳು.

ಚಿತ್ರದುರ್ಗದ ಕಾಲೇಜಿನಲ್ಲಿ ಅವಳ ಕೆಲಸವೂ ಅಂಥದ್ದೇ. ಮಾತಿನಲ್ಲಿ ಬಣ್ಣಿಸಿದ ನೋಟವನ್ನು ತರ್ಕದ ಸೂತ್ರಗಳಾಗಿ ಬರೆದು ಕೊಟ್ಟರೆ, ಯಾವುದು ಎಲ್ಲಿದೆ ಎಂದು ಕಂಪ್ಯೂಟರು ಹೇಳಬೇಕು. ಬಾಯಿಬಿಟ್ಟು ಹೇಳದ್ದನ್ನು ಲೋಕರೂಢಿಯ ನಿಯಮಗಳು ತುಂಬಿಕೊಡಬೇಕು. ಗಡಿಗೆ ಹೋದಲ್ಲಿಗೆ ಗಡಿಗೆಯ ನೀರೂ ಹೋಗುತ್ತದೆ. ಜನ ತುಳಿದಾಡುವ ಹಾದಿಯಲ್ಲಿ ಯಾರೂ ಹೆಣ ಹೂಳುವುದಿಲ್ಲ. ಹೀಗೆ ಎಷ್ಟೋ. ಅಜ್ಜಿಯ ಕತೆ ಕೊಟ್ಟರೆ ಕಂಪ್ಯೂಟರು ಹೇಳಿದ್ದಿಷ್ಟೇ: ಇಂಥ ಜಾಗ ಇರಲಾರದು.

ಅಜ್ಜಿಗೇ ಮರೆವು ಎಂದುಕೊಂಡು ಉಷಾ ಹಾಸಿಗೆಯ ಬಳಿ ಕೂತಳು.

"ಅಜ್ಜಿ, ಹಳ್ಳಾನೂ ಎಡಕ್ಕೇ ಅಲ್ವಾ?"

"ಬಲಕ್ಕೆ ಕಣೇ! ನಿನ್ನ ಡಬ್ಬಿಗೆ ಎಡ ಬಲ ತಿಳಿಯಲ್ಲೇನು? ನಮ್ಮ ಟಗರಿಗೂ ತಿಳೀತಿತ್ತು."

"ಹಂಗಾದ್ರೆ ನಡುವೆ ಇರೋದು ಹಾದಿ. ಕೂಸನ್ನ ಹಾದೀಲಿ ಇಟ್ಟಂಗಾಯ್ತಲ್ಲ!"

ಅಜ್ಜಿ ಗೋಡೆಯ ಕಡೆ ಹೊರಳಿದಳು.

"ಹಾದೀಲೇ ಇಟ್ವಿ. ಬೆಳಗಾದ್ರೆ ಎದ್ದು ಹೋಗೋರು ನಾವು, ಕಾಯೋರ್ಯಾರು? ತೋಳ ಕೆದರ್ತಾವೆ ಅಂತ ನಿಮ್ಮ ತಾತ ಹಿಂಡನ್ನೆಲ್ಲ ಅದರ ಮ್ಯಾಲೆ ಹಾಯಿಸಿದ. ಗೊರಸು ತುಳಿದ್ರೆ ಮಣ್ಣು ಗಟ್ಟಿಯಾಗತೈತೆ, ವಾಸನೆ ಏಳಲ್ಲ. ಹಿಂಡಿನ ಹಿಂದೆ ನಾನಿದ್ದೆ. ನಾನೂ ತುಳಿದೆ."

ಬಂಡೆ ಸಿಕ್ಕೊಡನೆ ಅಜ್ಜಿ ಚಪ್ಪಲಿ ಕೈಗೆ ತಗೊಂಡು, ಹಾದಿ ಬಿಟ್ಟು ಮುಳ್ಳಿನಲ್ಲಿ ನಡೆಯುತ್ತಿದ್ದುದು ಉಷಾಳ ಕಣ್ಣಿಗೆ ಕಟ್ಟಿತು. ಮೊಂಡು ಮುದುಕಿ ಎಂದು ಮನೆಮಂದಿಯೆಲ್ಲ ನಗುತ್ತಿದ್ದರು. ಅವಳೂ ನಕ್ಕಿದ್ದಳು.

"ಈಗ್ಲೂ ಅಲ್ಲಿ ಕುರಿ ಹಾಯ್ತಾವೇನೇ?"

ಆ ಹಾದಿ ಡಾಂಬರು ಕಂಡು ವರ್ಷಗಳಾಗಿದ್ದವು. ಈಗ ಹಾಯುವುದು ಜಲ್ಲಿ ಲಾರಿಗಳು.

"ಹೂಂ ಅಜ್ಜಿ, ಹಾಯ್ತಾವೆ."

"ಹಂಗಾದ್ರೆ ಗಟ್ಟಿ ಐತೆ ಬಿಡು."

ಹಾದಿಯಲ್ಲಿ ಯಾರೂ ಹೂಳುವುದಿಲ್ಲ ಎಂಬ ಆ ಒಂದು ನಿಯಮವನ್ನು ಉಷಾ ಅಳಿಸಿದಳು. ಕಂಪ್ಯೂಟರು ತಟ್ಟನೆ ಉತ್ತರ ಕೊಟ್ಟಿತು: ಕೂಸು ಹಾದಿಯಲ್ಲಿದೆ.

ಅಮಾವಾಸ್ಯೆ ಕಾಣದೆ ಅಜ್ಜಿ ಹೋದಳು. ಬಂಡೆಯ ಪಕ್ಕ, ಡಾಂಬರಿನ ಅಂಚಿಗೇ ಗುಂಡಿ ತೋಡಿಸಿದಳು ಉಷಾ.

"ಇಷ್ಟು ಹತ್ರ ಯಾಕವ್ವ? ಲಾರಿ ಸದ್ದು," ಎಂದ ಅಪ್ಪ.

"ಇದಕ್ಕಿಂತ ಹತ್ರ ಆಗಲ್ಲಪ್ಪ."

ಹಿಡಿಮಣ್ಣು ಹಾಕುವಾಗ ಲಾರಿಯೊಂದು ಹಾಯ್ದುಹೋಯಿತು. ಗುಂಡಿಯ ಅಂಚಿನ ಮಣ್ಣು ತಾನೇ ತಾನಾಗಿ ಒಳಕ್ಕೆ ಉದುರಿತು.