ಗೇಣು ಕಮ್ಮಿ ಬಿದ್ದ ಸೇತುವೆ

ಕ್ರೇನು ಉಕ್ಕಿನ ಕಾಲುಸೇತುವೆಯನ್ನು ಮೆಲ್ಲಗೆ ಇಳಿಸಿತು. ಬೀದಿಯ ಕಡೆಯ ತುದಿ ಕಟ್ಟೆಯ ಮೇಲೆ ಚೆನ್ನಾಗಿಯೇ ಕೂತಿತು. ಆಚೆ ತುದಿ ಮಾತ್ರ ಎರ್ಸಿಲಿಯಾ ಅಜ್ಜಿಯ ಹೊಸ್ತಿಲಿಗೆ ಒಂದು ಗೇಣು ಇರುವಾಗಲೇ ಗಾಳಿಯಲ್ಲಿ ನಿಂತುಬಿಟ್ಟಿತು. ಕೆಳಗೆ ಕೊರಕಲು. ಸೊಂಟದ ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಬಂದ ಅಜ್ಜಿ ಗಾಲಿಕುರ್ಚಿಯಲ್ಲಿ ಬೀದಿಯಲ್ಲೇ ಕೂತಿದ್ದಳು. ವಾಲ್ಪರೈಸೊ ಪಟ್ಟಣದ ಆ ಗುಡ್ಡದ ಮೇಲಿನ ಅರ್ಧ ಜನ ಅಲ್ಲೇ ಇದ್ದರು. ಪುಕ್ಕಟೆ ತಮಾಷೆ ಯಾರಿಗೆ ಬೇಡ?

"ಸೇತುವೇನೋ ಚೆನ್ನಾಗೈತೆ, ಮನೇನೇ ಸ್ವಲ್ಪ ಈಚೆ ತಳ್ಳಿ!" ಅಂದ ಒಬ್ಬ. ಎಲ್ಲರೂ ನಕ್ಕರು.

ನಗದಿದ್ದವನು ಎಲಿಸೆಯೊ ಮೇಷ್ಟ್ರು. ನಕ್ಷೆ ಬರೆದವನು ಅವನೇ. ತಾಂತ್ರಿಕ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದ. ಮೊದಲ ದಿನದ ಪಾಠವೇ ಒಂದು ಆಣೆ ಹಾಕಿಸಿದ ಹಾಗಿರುತ್ತಿತ್ತು. "ರೇಖೆ ಎಳೀರಿ, ಅದರ ಉದ್ದ ಎಷ್ಟು ಅಂತ ಕಂಪ್ಯೂಟರನ್ನೇ ಕೇಳಿ, ಅಂಕಿ ತಾನಾಗೇ ಬರುತ್ತೆ. ಅಳತೆ ಬದಲಾಯ್ತಾ? ರೇಖೆ ಹಿಗ್ಗಿಸಿ. ಅಂಕಿಯ ಮೇಲೆ ನಿಮ್ಮ ಕೈಯಾರೆ ಬೇರೆ ಅಂಕಿ ಬರೆದ್ರೋ, ನನ್ನ ಕ್ಲಾಸಿಗೆ ಕಾಲಿಡಬೇಡಿ." ಹಾಗೆ ಮಾಡಿದ ಹುಡುಗರನ್ನು ನಿಜವಾಗಿಯೂ ಆಚೆ ಕಳಿಸಿದ್ದ ಮಹಾನುಭಾವ.

ಓದುವುದು ಶಾಸ್ತ್ರ, ಇಕ್ಕುವುದು ಗಾಳ. ಎರಡು ವಾರದ ಹಿಂದೆ ಶನಿವಾರ ಅಜ್ಜಿಯ ಮಗ ಫೋನ್ ಮಾಡಿ, ಮತ್ತೆ ಅಳೆದು ನೋಡಿದೆ, ಮೂರು ಮೀಟರ್ ಅಲ್ಲ, ಮೂರು ಇಪ್ಪತ್ತು ಬೇಕು ಅಂದಿದ್ದ. ನಕ್ಷೆ ಆಗಲೇ ಮುಗಿದಿತ್ತು. ಹಿಗ್ಗಿಸಬೇಕೆಂದರೆ ಬೋಲ್ಟಿನ ತೂತು, ಕಂಬಿ, ಅಡ್ಡಪಟ್ಟಿ ಎಲ್ಲವನ್ನೂ ಸರಿಸಬೇಕು. ಹಿತ್ತಿಲಲ್ಲಿ ಕೆಂಡದ ಮೇಲೆ ಮಾಂಸ ಸುಡುತ್ತಿತ್ತು, ಭಾವಮೈದ ಕೂಗುತ್ತಿದ್ದ. ಎಲಿಸೆಯೊ ಅಂಕಿಯ ಮೇಲೆ 3.20 ಎಂದು ಬರೆದ, ವರ್ಕ್‌ಶಾಪಿಗೆ ಕಳಿಸಿದ, ಎದ್ದುಹೋಗಿ ಊಟಕ್ಕೆ ಕೂತ. ನಾಳೆ ಸರಿಮಾಡೋಣ ಅಂದುಕೊಂಡವನು ಮರೆತೇಬಿಟ್ಟ. ಉಕ್ಕಿನ ಹಾಳೆ ಕತ್ತರಿಸುವ ಯಂತ್ರಕ್ಕೆ ಅಂಕಿ ಓದಲು ಬರುವುದಿಲ್ಲ. ಅದು ರೇಖೆಯ ಹಿಂದೆ ಹೋಗುತ್ತದೆ.

"ಯಾರು ಇದನ್ನ ಕತ್ತರಿಸಿದ್ದು?" ವರ್ಕ್‌ಶಾಪಿನ ಯಜಮಾನ ಬಾಲ್ತಸಾರ್ ಗುಡುಗಿದ. ಯಾರೆಂದು ಅವನಿಗೆ ಗೊತ್ತಿತ್ತು, ಆದರೂ ಜನರೆದುರು ಕೇಳುವುದರಲ್ಲಿ ಒಂದು ಸುಖ.

"ನಾನೇ ಯಜಮಾನ್ರೇ," ಅಂದಳು ನಯಾರೆತ್. ಎಲಿಸೆಯೊನ ಹಳೆಯ ವಿದ್ಯಾರ್ಥಿನಿ. ಕೆಲಸಕ್ಕೆ ಸೇರಿ ಇನ್ನೂ ಪೂರ್ತಿ ಎರಡು ತಿಂಗಳಾಗಿರಲಿಲ್ಲ, ಕಾಯಂ ಆಗಿರಲಿಲ್ಲ.

"ಕಾಗದದಲ್ಲಿ ಮೂರು ಇಪ್ಪತ್ತು ಅಂತ ಇಷ್ಟು ದಪ್ಪಗೆ ಬರ್ದೈತೆ. ಕಣ್ಣು ಎಲ್ಲಿತ್ತಮ್ಮಾ ತಾಯಿ, ನೆತ್ತಿ ಮೇಲಾ?"

ಅವಳು ಎಲಿಸೆಯೊನ ಕಡೆ ನೋಡಿದಳು, ಅಷ್ಟೆ. ಆ ನೋಟ ಯಾಕೆಂದು ಅವನೊಬ್ಬನಿಗೇ ಗೊತ್ತಿತ್ತು. ಕತ್ತರಿಸುವ ಮೊದಲು ಅವಳು ಫೋನ್ ಮಾಡಿದ್ದಳು. "ಮೇಷ್ಟ್ರೇ, ಅಂಕಿ ಒಂದು ಹೇಳ್ತಿದೆ, ರೇಖೆ ಒಂದು ಹೇಳ್ತಿದೆ. ಯಾವುದು ಸರಿ?" ಅವನು ಕ್ಲಾಸಿನಲ್ಲಿದ್ದ. ಹುಡುಗರಿಗೂ ಕೇಳಲಿ ಎಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ, "ನಾನು ಕಲಿಸಿದ್ದನ್ನೆಲ್ಲಾ ತೊಳೆದು ಕುಡಿದ್ಯಾ? ರೇಖೆ ಯಾವತ್ತಾದ್ರೂ ಸುಳ್ಳು ಹೇಳುತ್ತಾ? ಸುಮ್ನೆ ಕತ್ತರಿಸು ಹೋಗಮ್ಮ," ಅಂದಿದ್ದ. ಕ್ಲಾಸು ಗೊಳ್ಳೆಂದು ನಕ್ಕಿತ್ತು. ಅವಳು ಸಾರಿ ಕೇಳಿ ಫೋನಿಟ್ಟಿದ್ದಳು.

ಈಗ ಹೇಳು, ಎಂದು ಅವನೊಳಗೆ ಯಾರೋ ತಿವಿದರು. ಗುಂಪಿನಲ್ಲಿ ಅವನ ಈಗಿನ ಹುಡುಗರ ಅಪ್ಪಂದಿರಿದ್ದರು. ಬೂಟಿನ ದಾರ ಬಿಚ್ಚಿಕೊಂಡಿರದಿದ್ದರೂ ಬಗ್ಗಿ ಕಟ್ಟಿಕೊಂಡ. ಛೀ, ನಾಚಿಕೆಗೆಟ್ಟವನು!

"ನಾಳೆಯಿಂದ ಬರಬೇಡ ನೀನು," ಅಂದ ಬಾಲ್ತಸಾರ್.

ನಯಾರೆತ್ ಕೈಗವಸು ಬಿಚ್ಚಿ ಕ್ರೇನಿನ ಮೆಟ್ಟಿಲ ಮೇಲಿಟ್ಟು, ಗುಡ್ಡದ ಮೆಟ್ಟಿಲಿಳಿದು ಹೋದಳು. ಅವಳ ತಲೆ ತಿರುವಿನಲ್ಲಿ ಮರೆಯಾಗುವವರೆಗೂ ಎಲಿಸೆಯೊ ಬಗ್ಗಿಯೇ ಇದ್ದ. ಎದ್ದು ನಿಂತಾಗ ಕಿವಿ ಉರಿಯುತ್ತಿತ್ತು.

"ಯಜಮಾನ್ರೇ, ತಪ್ಪು ಅವಳದಲ್ಲ. ನನ್ನದು."

ಬಾಲ್ತಸಾರ್ ಒಂದು ಗಳಿಗೆ ನೋಡಿ, ಕರಗಿಹೋದ. "ನೋಡ್ರಪ್ಪಾ! ಶಿಷ್ಯೆ ಹೊಟ್ಟೆಪಾಡಿಗೋಸ್ಕರ ತನ್ನ ತಲೆ ಮೇಲೆ ಹಾಕ್ಕೊಳ್ತಾ ಅವರೆ. ಬಿಡಿ ಮೇಷ್ಟ್ರೇ, ನಿಮ್ಮ ಒಳ್ಳೇತನ ನಮಗೆ ಗೊತ್ತಿಲ್ವಾ?"

"ಇಂಥಾ ಮೇಷ್ಟ್ರು ಈಗ ಎಲ್ಲಿ ಸಿಗ್ತಾರಪ್ಪ," ಎಂದು ಎರ್ಸಿಲಿಯಾ ಅಜ್ಜಿ ಅವನ ಕೈ ಹಿಡಿದು ಸವರಿದಳು. ಗುಂಪಿನಲ್ಲಿ ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಮತ್ತೆ, ಕೇಳಿ, ಆ ಹೊಗಳಿಕೆ ಅವನಿಗೆ ಹಿತವಾಯಿತು! ಹೇಳಿದ್ದೂ ಆಯಿತು, ಮಾನವೂ ಉಳಿಯಿತು, ಇಷ್ಟಕ್ಕೇ ಬಿಟ್ಟರಾಗದೇ ಎಂದು ಮನಸ್ಸು ಲೆಕ್ಕ ಹಾಕಿತು. ಅಜ್ಜಿಯ ಬೆಚ್ಚನೆಯ ಕೈ ಇನ್ನೂ ಸವರುತ್ತಲೇ ಇತ್ತು. ತನ್ನ ಬಗ್ಗೆ ಅವನಿಗೆ ಹುಟ್ಟಿದ ಅಸಹ್ಯ ಆ ಕೈಯಿಂದಲೇ ಹುಟ್ಟಿತು.

ಕೈ ಬಿಡಿಸಿಕೊಂಡು, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಕ್ರೇನಿನ ಬಾನೆಟ್ಟಿನ ಮೇಲಿಟ್ಟು ನಕ್ಷೆ ತೆರೆದ. "ಇಲ್ಲಿ ನೋಡಿ. ಇದು ನಾನು ಬರೆದ ಅಂಕಿ." ಅದನ್ನು ಅಳಿಸಿದ. ಆ ಜಾಗದಲ್ಲಿ ತಾನಾಗಿಯೇ ನಿಜವಾದ ಅಳತೆ ಮೂಡಿತು. ಮೂರು ಮೀಟರ್. "ರೇಖೆ ಹಿಗ್ಗಿಸೋಕೆ ಸೋಮಾರಿತನ, ಬರೀ ಅಂಕಿ ತಿದ್ದಿದೆ. ಆ ಹುಡುಗಿ ಕತ್ತರಿಸೋ ಮುಂಚೆ ಫೋನ್ ಮಾಡಿ ಕೇಳಿದ್ಲು. ನಾನೇ ಗೇಲಿ ಮಾಡಿ, ಕತ್ತರಿಸು ಅಂದೆ."

ಈಗ ಯಾರೂ ನಗಲಿಲ್ಲ. ಅಜ್ಜಿ ಅವನನ್ನು ಸವರಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ನಿಮ್ಮಂಥೋರ ಹತ್ರ ಹುಡುಗರನ್ನ ಕಳಿಸ್ತೀವಲ್ಲ," ಅಂದ ಬಾಲ್ತಸಾರ್, ಬೇಸರದಿಂದ. "ಹೋಗಿ ಅವಳನ್ನ ಕರ್ಕೊಂಡ್ಬನ್ನಿ. ಅಜ್ಜಿ ಬೀದಿಯಲ್ಲಿ ಮಲಗೋ ಹಾಗಿಲ್ಲ. ಇವತ್ತೇ ಇಪ್ಪತ್ತು ಸೆಂಟಿಮೀಟರಿನ ತುಂಡು ಕತ್ತರಿಸಿ ಬೆಸೀಬೇಕು."

ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಾ ಇಳಿದ. ಅವಳು ಕೆಳಗೆ ಬಸ್ಸಿಗೆ ಕಾಯುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಎಲ್ಲಾ ಹೇಳ್ದೆ ಕಣಮ್ಮಾ. ಕಂಪ್ಯೂಟರ್ ತೆರೆದು ತೋರಿಸ್ದೆ. ಫೋನಿನ ವಿಷಯಾನೂ ಹೇಳ್ದೆ. ಯಜಮಾನ್ರು ವಾಪಸ್ ಕರೀತಿದಾರೆ."

ಅವಳ ಮುಖ ಅರಳಲಿಲ್ಲ. "ಯಾವಾಗ ಹೇಳಿದ್ರಿ ಮೇಷ್ಟ್ರೇ?"

"ಈಗ. ನೀನು ಇಳಿದು ಬಂದ ಮೇಲೆ."

"ನಾನು ಬಾಯಿ ಬಿಟ್ಟಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು ಅಂತ ಸುಮ್ಮನಿದ್ದೆ," ಅಂದಳು ನಯಾರೆತ್. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನಾನಿನ್ನೂ ಅಲ್ಲೇ ನಿಂತಿದ್ದೆ. ನೀವು ಬೂಟು ಕಟ್ಕೊಳ್ತಿದ್ರಿ."

ಅವಳು ಅವನನ್ನು ದಾಟಿ ಮೆಟ್ಟಿಲು ಹತ್ತತೊಡಗಿದಳು. ಎಲಿಸೆಯೊ ನಾಲ್ಕು ಮೆಟ್ಟಿಲು ಹಿಂದೆಯೇ ಉಳಿದು, ಅವಳ ಜೊತೆ ಹೆಜ್ಜೆ ಹಾಕಲು ಮುಖವಿಲ್ಲದೆ, ಹತ್ತಿದ.